ಚಿತ್ರದಲ್ಲಿ ಕತ್ತಲಿದೆ, ರಾತ್ರಿ ಯಾಕೆ ಬಂದಿಲ್ಲ?

ಪ್ರಶ್ನೆ: ನಾನು ಚಿಕ್ಕಮಗಳೂರಿನ ಹತ್ತಿರದ ಒಂದು ಹಳ್ಳಿಯವಳು. ಎರಡು ವರ್ಷದಿಂದ ಟ್ಯಾಬ್‌ನಲ್ಲಿ ಕ್ರಿತಾ ಅನ್ನುವ ಚಿತ್ರ ಬಿಡಿಸುವ ಆ್ಯಪ್ ಬಳಸಿ ಚಿತ್ರ ಬಿಡಿಸುತ್ತಿದ್ದೇನೆ. ಈಗ ಅಜ್ಜಿ ಮನೆಯ ರಾತ್ರಿಯನ್ನು ಬಿಡಿಸಿದ್ದೇನೆ. ಮಾರ್ಚ್ ತಿಂಗಳು, ರಾತ್ರಿ ಎಂಟು ಗಂಟೆ. ಹಂಚಿನ ಮನೆ, ಜಗಲಿಯಲ್ಲಿ ಒಂದು ಬಲ್ಬು, ಮುಂದೆ ಕಣ, ಪಕ್ಕದಲ್ಲಿ ಹೂ ಬಿಟ್ಟ ಕಾಫಿ ತೋಟ. ಮನೆಯ ಹಿಂದೆ ಗಿರಿಸಾಲು. ಸಂಜೆ ಸೂರ್ಯ ಮುಳುಗುವುದು ಅದರ ಹಿಂದೆಯೇ. ಗುಡ್ಡದ ಮೇಲೆ ಹುಣ್ಣಿಮೆ ಚಂದ್ರ, ಆಕಾಶದ ತುಂಬ ನಕ್ಷತ್ರ. ಅಜ್ಜಿ ಕೆಂಪು ಸೀರೆ ಉಟ್ಟು, ಟಾರ್ಚ್ ಹಿಡಿದು ಕಣ ದಾಟುತ್ತಿದ್ದಾರೆ. ಹತ್ತು ಹನ್ನೆರಡು ಜನಕ್ಕೆ ತೋರಿಸಿದೆ. ಜಾಸ್ತಿ ಜನ ‘ಸೂಪರ್’ ಅಂದರು. ಒಬ್ಬರು ‘ತುಂಬಾ ಕತ್ತಲು, ಏನೂ ಕಾಣಲ್ಲ’ ಅಂದರು. ಇನ್ನೊಬ್ಬರು ‘ಹಗಲಿನ ಫೋಟೊಗೆ ನೀಲಿ ಬಳಿದ ಹಾಗಿದೆ’ ಅಂದರು. ಯಾರ ಮಾತು ಹಿಡಿಯಲಿ? ಕೆಲಸಕ್ಕೆ ಬರುವ ಅಭಿಪ್ರಾಯ ಪಡೆಯುವುದು ಹೇಗೆ?

ಉತ್ತರ: ನಿಮ್ಮ ಚಿತ್ರವನ್ನು ಮೂರು ಸಲ ತೆರೆದು ನೋಡಿದೆ. ಮಧ್ಯಾಹ್ನ ಅಂಗಳದಲ್ಲಿ ನಿಂತು ಫೋನಿನಲ್ಲಿ, ಸಂಜೆ ಲ್ಯಾಪ್‌ಟಾಪಿನಲ್ಲಿ, ರಾತ್ರಿ ಊಟ ಮುಗಿಸಿ ದೀಪ ಆರಿಸಿ ಮತ್ತೆ ಫೋನಿನಲ್ಲಿ. ಮಧ್ಯಾಹ್ನ ನನಗೂ ಏನೂ ಕಾಣಲಿಲ್ಲ. ಬಲ್ಬು, ಚಂದ್ರ, ಕಾಫಿ ಹೂವು ಬಿಟ್ಟರೆ ಉಳಿದದ್ದೆಲ್ಲ ಕಪ್ಪು ಗಾಜು. ರಾತ್ರಿ ನೋಡಿದರೆ ಮಾಡಿನ ಹಂಚನ್ನು ಒಂದೊಂದಾಗಿ ಎಣಿಸುವ ಹಾಗಿತ್ತು. ಹಾಗಾಗಿ ನಿಮಗೆ ಎದುರುಬದುರು ಮಾತು ಹೇಳಿದ ಇಬ್ಬರೂ ಕಂಡದ್ದನ್ನೇ ಹೇಳಿದ್ದಾರೆ. ಇಬ್ಬರ ಮಾತನ್ನೂ ಹಿಡಿಯಿರಿ.

ಫೋನನ್ನು ದೂರಿ ಮುಗಿಸುವ ಹಾಗಿಲ್ಲ, ಅದನ್ನೂ ಹೇಳಬೇಕು. ಚಿತ್ರವನ್ನು ಕಪ್ಪುಬಿಳುಪು ಮಾಡಿ, ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿಸಿ ನೋಡಿದೆ. ಆಕಾಶ, ಮಾಡು, ಗೋಡೆ, ಗಿಡ, ಕಣ ಎಲ್ಲ ಒಂದೇ ಬೂದಿಯಾಗಿ ಕೂತವು. 0 ಅಂದರೆ ಅಪ್ಪಟ ಕಪ್ಪು, 255 ಅಂದರೆ ಅಪ್ಪಟ ಬಿಳಿ ಅನ್ನುವ ಅಳತೆಯಲ್ಲಿ ಆಕಾಶ 46, ಮಾಡು 42, ಕಾಫಿ ಎಲೆ 40, ಕಣ 49. ಎಲ್ಲವೂ ಒಂದೇ ಮಟ್ಟದಲ್ಲಿ ಗಾಢವಾದಾಗ ಕಣ್ಣಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಅದಕ್ಕೇ ಒಬ್ಬರಿಗೆ ‘ಏನೂ ಕಾಣಲ್ಲ’ ಅನಿಸಿದ್ದು. ಆ ಒಂದೇ ಬೂದಿಯ ಒಳಗೆ ನೀವು ಪ್ರತಿ ಹಂಚು, ಪ್ರತಿ ಎಲೆಯನ್ನೂ ಅಷ್ಟೇ ಶ್ರದ್ಧೆಯಿಂದ ಬಿಡಿಸಿದ್ದೀರಿ. ಇಷ್ಟೆಲ್ಲ ವಿವರ ಕಾಣುವುದು ಹಗಲಲ್ಲಿ ಮಾತ್ರ. ಅದಕ್ಕೇ ಇನ್ನೊಬ್ಬರಿಗೆ ‘ಹಗಲಿನ ಫೋಟೊ’ ಅನಿಸಿದ್ದು. ತಪ್ಪು ಒಂದೇ, ಇಬ್ಬರೂ ಬೇರೆ ಬೇರೆ ಕಡೆಯಿಂದ ಮುಟ್ಟಿದ್ದಾರೆ. ಕತ್ತಲು ಯಾವುದನ್ನು ನುಂಗಿದೆ, ಯಾವುದನ್ನು ಬಿಟ್ಟುಕೊಟ್ಟಿದೆ ಅನ್ನುವುದನ್ನು ನೀವಿನ್ನೂ ತೀರ್ಮಾನ ಮಾಡಿಲ್ಲ.

‘ಸೂಪರ್’ ಅಂದವರು ನಿಮ್ಮನ್ನು ಇಷ್ಟಪಡುವವರು. ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಚಿತ್ರದ ಕೆಲಸಕ್ಕೆ ತರಬೇಡಿ.

ನನಗೆ ಸಿಕ್ಕ ಅತಿ ಒಳ್ಳೆಯ ಅಭಿಪ್ರಾಯ ಬಂದದ್ದು ಚಿತ್ರಕಾರರಿಂದಲ್ಲ. ಹಾಸನಕ್ಕೆ ಬಂದ ಹೊಸತರಲ್ಲಿ ಬೇಲೂರಿನ ಚೆನ್ನಕೇಶವ ದೇವಸ್ಥಾನದ ರಾತ್ರಿಯನ್ನು ಬಿಡಿಸಿದ್ದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ. ಗೋಡೆಯ ಕೆಳಗಿನ ಆನೆಗಳ ಸಾಲು, ಅದರ ಮೇಲಿನ ಬಳ್ಳಿ, ಕಂಬದ ಮೇಲಿನ ಮದನಿಕೆಯರ ಒಡವೆ ತನಕ ಎಲ್ಲ ಹಾಕಿದ್ದೆ. ಎರಡು ವಾರದ ಕೆಲಸ. ಪ್ರಿಂಟ್ ತೆಗೆಸಿಕೊಂಡು ಬೇಲೂರಿಗೇ ಹೋಗಿ, ಗುಡಿಯ ಹತ್ತಿರ ಹೂ ಕಟ್ಟುತ್ತಿದ್ದ ಒಬ್ಬ ಹಿರಿಯರಿಗೆ ತೋರಿಸಿದೆ. ಅವರು ಪ್ರಿಂಟನ್ನು ಕೈಗೆ ತೆಗೆದುಕೊಂಡು, ಸ್ವಲ್ಪ ದೂರ ಹಿಡಿದು ನೋಡಿದರು. ‘ಚೆನ್ನಾಗಿದೆ. ಆದ್ರೆ ರಾತ್ರಿ ಹೊತ್ತು ಗುಡಿ ಹಿಂಗೆ ಕಾಣಲ್ಲ. ಕಪ್ಪಗೆ ಒಂದು ಗುಡ್ಡ ಕೂತಂಗೆ ಇರ್ತದೆ. ಲೈಟ್ ಬಿದ್ದ ಕಡೆ ಮಾತ್ರ ಒಂದು ಕೈಯೋ ಒಂದು ಮುಖವೋ ಕಾಣ್ತದೆ’ ಅಂದರು. ಮನೆಗೆ ಬಂದು ಮುಕ್ಕಾಲು ಪಾಲು ಕೆತ್ತನೆಯನ್ನು ಕತ್ತಲಲ್ಲಿ ಮುಳುಗಿಸಿದೆ. ಉಳಿಸಿಕೊಂಡದ್ದು ಒಂದು ಮೂಲೆಯ ದೀಪ, ಅದರ ಪಕ್ಕದಲ್ಲಿ ಒಬ್ಬ ಮದನಿಕೆಯ ಕೆನ್ನೆ ಮತ್ತು ಮೊಣಕೈ. ಅವತ್ತು ಆ ಚಿತ್ರಕ್ಕೆ ರಾತ್ರಿ ಬಂತು.

ಈಗ ನಿಮ್ಮ ಚಂದ್ರನ ವಿಷಯ. ಇದನ್ನು ಯಾರೂ ನಿಮಗೆ ಹೇಳಿಲ್ಲ. ಆದರೆ ಚಿತ್ರದಲ್ಲಿ ಏನೋ ಸರಿಯಿಲ್ಲ ಅನ್ನುವ ಕಸಿವಿಸಿಯ ಅರ್ಧ ಭಾಗ ಬರುತ್ತಿರುವುದು ಅಲ್ಲಿಂದ.

ಸೂರ್ಯ ಮುಳುಗುವುದು ಆ ಗಿರಿಸಾಲಿನ ಹಿಂದೆ ಅಂತ ಬರೆದಿದ್ದೀರಿ. ಅಂದರೆ ನೀವು ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದೀರಿ. ಹುಣ್ಣಿಮೆಯ ದಿನ ಚಂದ್ರ ಸೂರ್ಯನ ಎದುರು ದಿಕ್ಕಿನಲ್ಲಿರುತ್ತಾನೆ. ಅತ್ತ ಸೂರ್ಯ ಮುಳುಗುವ ಹೊತ್ತಿಗೆ ಇತ್ತ ಚಂದ್ರ ಹುಟ್ಟುತ್ತಾನೆ. ಮಾರ್ಚ್‌ನಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು ಸುಮಾರು ಆರೂವರೆಗೆ. ಎಂಟು ಗಂಟೆಗೆ ಹುಣ್ಣಿಮೆ ಚಂದ್ರ ಪೂರ್ವದಲ್ಲಿ, ನಿಮ್ಮ ಬೆನ್ನ ಹಿಂದೆ, ಸಿಲ್ವರ್ ಓಕ್ ಮರಗಳ ಸಂದಿಯಲ್ಲಿ ಇರುತ್ತಾನೆ. ಅದೇ ಹೊತ್ತಿನಲ್ಲಿ ಗಿರಿಯ ಮೇಲೆ ಇರಲು ಸಾಧ್ಯವಿಲ್ಲ. ಅವನು ಅಲ್ಲಿಗೆ ಬರುವುದು ಬೆಳಗಿನ ಜಾವ ನಾಲ್ಕೂವರೆ ಐದಕ್ಕೆ.

ಇನ್ನೊಂದು ವಿಷಯ ಇದೆ. ಚಂದ್ರ ಮನೆಯ ಹಿಂದೆ ಇದ್ದಾನೆ, ಆದರೆ ನಿಮ್ಮ ಚಿತ್ರದಲ್ಲಿ ಮನೆಯ ಮುಂದಿನ ಗೋಡೆಗೆ ಬೆಳದಿಂಗಳು ಬಿದ್ದಿದೆ. ಕಣದ ನೆರಳುಗಳು ಎಡಕ್ಕೆ ಹೋಗಿವೆ. ನೋಡುವವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. ಆದರೆ ಹುಟ್ಟಿದಾಗಿನಿಂದ ನೆರಳು ನೋಡಿಕೊಂಡೇ ಬೆಳೆದ ಕಣ್ಣು ಅದು. ಬಾಯಲ್ಲಿ ಹೇಳಲು ಬರದಿದ್ದರೂ ಒಳಗೆ ಎಲ್ಲೋ ತಡೆಯುತ್ತದೆ.

ನಿಮ್ಮ ಮುಂದೆ ಮೂರು ದಾರಿ ಇವೆ. ಎಂಟು ಗಂಟೆಯೇ ಬೇಕು ಅಂದರೆ ಚಂದ್ರನನ್ನು ಚಿತ್ರದಿಂದ ತೆಗೆಯಿರಿ. ಬೆಳದಿಂಗಳು ನಿಮ್ಮ ಬೆನ್ನಿನಿಂದ ಬಂದು ಗೋಡೆಯ ಮೇಲೆ ಬೀಳಲಿ. ಚಂದ್ರ ಇನ್ನೂ ಕೆಳಗಿರುವುದರಿಂದ ನೆರಳು ಮರದ ಎತ್ತರದ ಎರಡು ಎರಡೂವರೆ ಪಟ್ಟು ಉದ್ದ ಇರುತ್ತದೆ. ನಮಗೆ ಕಾಣದ ಸಿಲ್ವರ್ ಓಕ್ ಮರಗಳ ನೆರಳು ಕಣದ ಮೇಲೆ ಉದ್ದಕ್ಕೆ ಚಾಚಿ ಜಗಲಿಯ ಮೆಟ್ಟಿಲು ಮುಟ್ಟಲಿ. ಆ ನೆರಳಿನ ಗೆರೆಗಳೇ ಕಣ್ಣನ್ನು ಅಜ್ಜಿಯ ಹತ್ತಿರ ಕರೆದುಕೊಂಡು ಹೋಗುತ್ತವೆ.

ಎಂಟು ಗಂಟೆಯೂ ಬೇಕು, ಗಿರಿಯ ಮೇಲೆ ಚಂದ್ರನೂ ಬೇಕು ಅಂದರೆ ತದಿಗೆಯ ಚಂದ್ರನನ್ನು ಇಡಿ. ನಮ್ಮ ಊರುಗಳು ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ ಮಾರ್ಚ್‌ನ ಎಳೆಚಂದ್ರ ಇಲ್ಲಿ ದೋಣಿಯ ಹಾಗೆ ಮಲಗಿರುತ್ತಾನೆ. ಪರದೇಶದ ಚಿತ್ರಗಳಲ್ಲಿ ಕಾಣುವ ನೆಟ್ಟಗೆ ನಿಂತ ಕುಡುಗೋಲನ್ನು ತಂದು ಹಾಕಬೇಡಿ. ನಿಮ್ಮ ಚಿಕ್ಕಮಗಳೂರಿನ ಬಾಗಿದ ಗಿರಿಸಾಲು ಎಳೆಚಂದ್ರನ ಹಾಗೆ ಕಾಣುವುದರಿಂದಲೇ ಅದಕ್ಕೆ ಚಂದ್ರದ್ರೋಣ ಅಂತ ಹೆಸರು ಬಂತು ಅನ್ನುತ್ತಾರೆ. ಹಾಗಾಗಿ ಈ ಜೋಡಿ ಚೆನ್ನಾಗಿಯೇ ಕೂರುತ್ತದೆ. ಆದರೆ ಎಳೆಚಂದ್ರನ ಬೆಳಕಿನಲ್ಲಿ ಕಣ ಬೆಳಗುವುದಿಲ್ಲ. ಬಲ್ಬಿನದೇ ರಾಜ್ಯ ಆಗುತ್ತದೆ.

ನನ್ನ ಮನಸ್ಸು ಮೂರನೆಯದರ ಕಡೆ. ಗಂಟೆಯನ್ನು ಬದಲಿಸಿ. ಬೆಳಗಿನ ಜಾವ ಐದು. ಚಂದ್ರ ಗಿರಿಯ ಮೇಲೆ ಇಳಿಯುತ್ತಿದ್ದಾನೆ. ಮನೆ ಪೂರ್ತಿ ಕಪ್ಪು ಆಕಾರ. ಮಾಡಿನ ಮೇಲಂಚಿಗೆ ಮಾತ್ರ ತೆಳುವಾದ ಬೆಳ್ಳಿಯ ಗೆರೆ. ಮನೆಯ ನೆರಳು ಕಣದ ಮೇಲೆ ನಮ್ಮ ಕಡೆಗೆ ಚಾಚಿಕೊಂಡಿದೆ. ಆ ಕಪ್ಪಿನ ನಡುವೆ ಜಗಲಿಯ ಬಲ್ಬು. ಅಜ್ಜಿ ಎದ್ದು ಕೊಟ್ಟಿಗೆಯ ಕಡೆ ಹೊರಟಿದ್ದಾರೆ. ನೀವು ಬಿಡಿಸಿದ ಮನೆ, ಗಿಡ, ಗುಡ್ಡ ಎಲ್ಲ ಇದ್ದಲ್ಲೇ ಇರುತ್ತವೆ, ಬೆಳಕು ಮಾತ್ರ ಹೊಸದಾಗಿ ಬೀಳುತ್ತದೆ.

ಚಂದ್ರನ ಗಾತ್ರವನ್ನೂ ನೋಡಿ. ಕೈ ಪೂರ್ತಿ ಚಾಚಿ ಕಿರುಬೆರಳು ಹಿಡಿದರೆ ಚಂದ್ರ ಅದರ ಹಿಂದೆ ಮುಚ್ಚಿಹೋಗುತ್ತಾನೆ, ಆಕಾಶದಲ್ಲಿ ಅವನ ಅಗಲ ಅರ್ಧ ಡಿಗ್ರಿ ಅಷ್ಟೇ. ನಿಮ್ಮಲ್ಲಿ ಅವನು ಬಾಗಿಲಿಗಿಂತ ದೊಡ್ಡವನು. ಹುಣ್ಣಿಮೆಯ ದಿನ ಆಕಾಶಗಂಗೆಯೂ ಕಾಣುವುದಿಲ್ಲ. ಚಂದ್ರನ ಬೆಳಕಿಗೆ ಆಕಾಶವೇ ತಿಳಿಯಾಗಿ, ಗಟ್ಟಿ ನಕ್ಷತ್ರಗಳು ಮಾತ್ರ ಉಳಿಯುತ್ತವೆ. ಆ ನಕ್ಷತ್ರದ ಬ್ರಷ್ಷಿನ ಕೆಲಸವನ್ನು ಪೂರ್ತಿ ಅಳಿಸಿ, ಏಳೆಂಟು ಚುಕ್ಕೆ ಉಳಿಸಿ.

ನೀಲಿಗೆ ಬರೋಣ. ಬೆಳದಿಂಗಳು ನೀಲಿ ಅಂತ ನಾವೆಲ್ಲ ನಂಬಿಬಿಟ್ಟಿದ್ದೇವೆ ಅಲ್ವಾ? ಚಂದ್ರನ ಮೇಲ್ಮೈ ಹಳೆಯ ಟಾರು ರಸ್ತೆಯಷ್ಟು ಕಪ್ಪು. ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು ನೂರಕ್ಕೆ 12 ಪಾಲನ್ನು ಮಾತ್ರ ವಾಪಸ್ ಕಳಿಸುತ್ತದೆ. ಹಾಗೆ ಬರುವ ಬೆಳಕು ಬಿಸಿಲಿಗಿಂತ ಒಂಚೂರು ಹಳದಿಯ ಕಡೆಗೇ ಇರುತ್ತದೆ. ನೀಲಿ ಹುಟ್ಟುವುದು ನಮ್ಮ ಕಣ್ಣಲ್ಲಿ. ಹುಣ್ಣಿಮೆಯ ಬೆಳಕು ಬಿಸಿಲಿಗಿಂತ ಸುಮಾರು 4 ಲಕ್ಷ ಪಟ್ಟು ಕಡಿಮೆ. ಅಷ್ಟು ಕಡಿಮೆ ಬೆಳಕಿನಲ್ಲಿ ಬಣ್ಣ ಗುರುತಿಸುವ ಕೋನ್ ಕೋಶಗಳು ಸೋಲುತ್ತವೆ. ರಾಡ್ ಕೋಶಗಳು ಕೆಲಸ ಹಿಡಿಯುತ್ತವೆ. ಅವಕ್ಕೆ ಬಣ್ಣ ಗೊತ್ತಿಲ್ಲ. ಜೊತೆಗೆ ಹಸಿರು-ನೀಲಿ ಬೆಳಕು ಅವಕ್ಕೆ ಜಾಸ್ತಿ ತಾಗುತ್ತದೆ, ಕೆಂಪು ಬಹುತೇಕ ತಾಗುವುದೇ ಇಲ್ಲ. ಯುರೋಪಿನ ಪುರ್ಕಿಂಜೆ ಅನ್ನುವ ವಿಜ್ಞಾನಿ ಸುಮಾರು 200 ವರ್ಷದ ಹಿಂದೆ ಇದನ್ನು ಗಮನಿಸಿದರು. ನಸುಕಿನಲ್ಲಿ ಕೆಂಪು ಹೂ ಕಪ್ಪಾಗಿ, ಅದರ ಪಕ್ಕದ ಎಲೆ ತಿಳಿಯಾಗಿ ಕಾಣುತ್ತಿತ್ತು. ಬಿಸಿಲು ಬಂದ ಮೇಲೆ ಅದೇ ಕೆಂಪು ಉರಿಯುತ್ತಿತ್ತು. ನಿಮ್ಮ ಮನೆಯಲ್ಲಿ ದಾಸವಾಳ ಇದ್ದರೆ ನಾಳೆ ಐದೂವರೆಗೆ ಎದ್ದು ನೋಡಿ.

ಈ ಮಾತು ನೇರವಾಗಿ ಅಜ್ಜಿಯ ಸೀರೆಗೆ ಬಂದು ತಾಗುತ್ತದೆ. ನಿಮ್ಮ ಚಿತ್ರದಲ್ಲಿ ಬೆಳದಿಂಗಳಲ್ಲೂ ಸೀರೆ ಕೆಂಪಗೆ ಹೊಳೆಯುತ್ತಿದೆ. ನಿಜವಾದ ರಾತ್ರಿಯಲ್ಲಿ ಆ ಕೆಂಪು ಹೆಚ್ಚುಕಮ್ಮಿ ಕಪ್ಪಾಗಬೇಕು, ಪಕ್ಕದ ಕಾಫಿ ಎಲೆಗಿಂತ ಗಾಢವಾಗಬೇಕು. ಹಾಗಂತ ಕೆಂಪನ್ನು ಕಳೆದುಕೊಳ್ಳಬೇಡಿ, ಚಿತ್ರದ ಪ್ರಾಣ ಅದು. ಅದನ್ನು ದೀಪದ ಹತ್ತಿರ ಮಾತ್ರ ಬಿಡಿ.

ಅಜ್ಜಿಯ ಹತ್ತಿರ ಇನ್ನೂ ಸ್ವಲ್ಪ ನಿಲ್ಲೋಣ. ಟಾರ್ಚಿನಿಂದ ಒಂದು ಬಿಳಿ ಕೋಲು ಹೊರಟು ನೆಲಕ್ಕೆ ಹೋಗಿದೆ. ಗಾಳಿಯಲ್ಲಿ ಮಂಜೋ ಹೊಗೆಯೋ ಧೂಳೋ ಇಲ್ಲದಿದ್ದರೆ ಬೆಳಕಿನ ಕೋಲು ಕಾಣುವುದಿಲ್ಲ, ಅದು ಬಿದ್ದ ಜಾಗ ಮಾತ್ರ ಕಾಣುತ್ತದೆ. ಕೋಲನ್ನು ಅಳಿಸಿ. ಅಜ್ಜಿಯ ಮುಂದೆ ಎರಡು ಹೆಜ್ಜೆ ದೂರದಲ್ಲಿ, ಕಣದ ನೆಲದ ಮೇಲೆ ಮೊಟ್ಟೆಯಾಕಾರದ ಬೆಳಕು ಬೀಳಲಿ. ಹತ್ತಿರದ ಅಂಚು ಚೂಪಾಗಿ, ದೂರದ ಅಂಚು ಮೆತ್ತಗೆ. ಆ ನೆಲದಿಂದ ಬೆಳಕು ಮೇಲಕ್ಕೆ ಚಿಮ್ಮುತ್ತದೆ. ಅದು ಮೊದಲು ಮುಟ್ಟುವುದು ಸೀರೆಯ ಅಂಚನ್ನು. ಅಲ್ಲಿ, ಒಂದು ಗೇಣಿನಷ್ಟು ಜಾಗದಲ್ಲಿ, ನಿಮ್ಮ ಕೆಂಪು ಎದ್ದು ಬರಲಿ. ಸೊಂಟಕ್ಕೆ ಬರುವ ಹೊತ್ತಿಗೆ ಅದು ಕಂದು. ಹೆಗಲಿಗೆ ಬರುವ ಹೊತ್ತಿಗೆ ಕಪ್ಪು. ಗದ್ದದ ಕೆಳಗೆ, ಮೂಗುಬೊಟ್ಟಿನ ಮೇಲೆ ಒಂದೊಂದು ಚೂರು ಬೆಳಕು ಸಾಕು. ಈಗ ನೀವು ಮುಖವನ್ನು ಸ್ಟುಡಿಯೊದಲ್ಲಿ ಕೂರಿಸಿದ ಹಾಗೆ ಎದುರಿನಿಂದ ಬೆಳಗಿದ್ದೀರಿ. ಟಾರ್ಚ್ ಹಿಡಿದವರ ಮುಖಕ್ಕೆ ಟಾರ್ಚಿನ ಬೆಳಕು ಬೀಳುವುದಿಲ್ಲ. ಅಜ್ಜಿಯ ನಡಿಗೆ, ಹೆಗಲು ಬಾಗಿದ ರೀತಿ ಅಷ್ಟರಿಂದಲೇ ಅವರು ಯಾರು ಅಂತ ಗೊತ್ತಾಗುತ್ತದೆ. ಆ ಬಾಗನ್ನು ನೀವು ತುಂಬಾ ಪ್ರೀತಿಯಿಂದ ಬಿಡಿಸಿದ್ದೀರಿ. ಅದನ್ನು ನಂಬಿ.

ಬಣ್ಣದ ಲೆಕ್ಕಕ್ಕೆ ಒಂದು ಸಣ್ಣ ಪ್ರಯೋಗ ಮಾಡಿ. ಹೊಸ ಫೈಲಿನಲ್ಲಿ ಕಿತ್ತಳೆ ಬಣ್ಣ ತುಂಬಿ, ನಡುವೆ ಶುದ್ಧ ಬೂದಿಯ ಒಂದು ಚೌಕ ಇಡಿ. ಬೂದಿ ನೀಲಿಯ ಕಡೆ ವಾಲಿದ ಹಾಗೆ ಕಾಣುತ್ತದೆ. ಜಗಲಿಯ ಬಲ್ಬು ಹಳದಿ-ಕಿತ್ತಳೆ ಇರುವಾಗ ಆಕಾಶಕ್ಕೆ ಇಷ್ಟು ಕಡು ನೀಲಿ ಬೇಕಾಗಿಲ್ಲ. ನಿಮ್ಮ ಆಕಾಶದ ಸ್ಯಾಚುರೇಶನ್, ಅಂದರೆ ಬಣ್ಣದ ತೀವ್ರತೆ, ಈಗ ನೂರಕ್ಕೆ 70ರ ಹತ್ತಿರ ಇದೆ. 20–25ಕ್ಕೆ ಇಳಿಸಿ, ಒಂಚೂರು ಹಸಿರಿನ ಕಡೆ ತಿರುಗಿಸಿ. ಉಳಿದ ನೀಲಿಯನ್ನು ನೋಡುವವರ ಕಣ್ಣೇ ಹಾಕಿಕೊಳ್ಳುತ್ತದೆ. ಮೂರು ಬೆಳಕು ಇವೆ ಅನ್ನುವುದನ್ನೂ ನೆನಪಿಡಿ: ಬೆಚ್ಚಗಿನ ಬಲ್ಬು, ಬಿಳಿಯ ಎಲ್‌ಇಡಿ ಟಾರ್ಚು, ಮಂಕಾದ ಬೆಳದಿಂಗಳು. ಮೂರರಲ್ಲಿ ಯಜಮಾನ ಒಬ್ಬನೇ ಇರಬೇಕು. ನಾನಾದರೆ ಬಲ್ಬಿಗೆ ಕೊಡುತ್ತೇನೆ, ಟಾರ್ಚನ್ನು ಅದರ ಅರ್ಧಕ್ಕೆ ಇಡುತ್ತೇನೆ.

ಕಾಫಿ ಹೂವು ಈ ಯಜಮಾನಿಕೆಗೆ ಅಡ್ಡ ಬರುತ್ತಿದೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುವುದನ್ನು ನೋಡಿದವರಿಗೆ ಅದನ್ನು ಬಿಡಿಸುವ ಆಸೆ ಎಷ್ಟಿರುತ್ತದೆ ಅಂತ ಗೊತ್ತು. ಮೂರು ನಾಲ್ಕು ದಿನದ ಸಂಭ್ರಮ ಅದು. ಆದರೆ ನೀವು ಪ್ರತಿ ಹೂವಿಗೂ ಅಪ್ಪಟ ಬಿಳಿ, 255 ಇಟ್ಟಿದ್ದೀರಿ. ಬಲ್ಬಿಗೂ ಅಷ್ಟೇ ಇದೆ. ಸಾವಿರ ಬಲ್ಬು ಉರಿಯುತ್ತಿರುವ ಹಾಗಿದೆ ತೋಟ. ಬೆಳದಿಂಗಳಲ್ಲಿ ಕಾಫಿ ಹೂವು ಚುಕ್ಕಿ ಚುಕ್ಕಿಯಾಗಿ ಕಾಣುವುದಿಲ್ಲ. ರೆಂಬೆಯ ಉದ್ದಕ್ಕೂ ಮಬ್ಬು ಬಿಳುಪಿನ ಪಟ್ಟಿಯಾಗಿ, ಯಾರೋ ಬೂದಿ ಎರಚಿದ ಹಾಗೆ ಕಾಣುತ್ತದೆ. ಅದಕ್ಕೆ 80–90 ಸಾಕು. ಜಗಲಿಗೆ ಹತ್ತಿರದ ಒಂದೆರಡು ಗಿಡದಲ್ಲಿ ಮಾತ್ರ ಹೂವನ್ನು ಹೂವಾಗಿ, ಬಲ್ಬಿನ ಹಳದಿ ಹಚ್ಚಿ ಬಿಡಿಸಿ.

ಅಂಕಿಯಲ್ಲಿ ಹೇಳಿ ಅಂದರೆ, ಐದು ಗಂಟೆಯ ಚಿತ್ರಕ್ಕೆ ನಾನು ಹೀಗೆ ಹಂಚುತ್ತೇನೆ. ಚಂದ್ರನ ಸುತ್ತಲಿನ ಆಕಾಶ 90, ಮೇಲೆ ಹೋದಂತೆ 55. ಗಿರಿಸಾಲು 38, ಒಂದೇ ಚಪ್ಪಟೆ ಆಕಾರ, ಮರಗಿಡ ಏನೂ ಬೇಡ. ಮನೆ 20. ಬೆಳದಿಂಗಳು ಬಿದ್ದ ಕಣ 70, ನೆರಳಿನ ಕಣ 28. ಬಲ್ಬಿನ ಹಿಂದಿನ ಗೋಡೆ 200. ಬಲ್ಬು ಮಾತ್ರ 250. ಅತಿ ಗಾಢವಾದ ಜಾಗವೂ 12ಕ್ಕಿಂತ ಕೆಳಗೆ ಹೋಗದಿರಲಿ. ಅದರ ಕೆಳಗಿನದನ್ನೆಲ್ಲ ಅನೇಕ ಫೋನುಗಳು ಒಂದೇ ಕಪ್ಪಾಗಿ ತೋರಿಸುತ್ತವೆ. ನಿಮ್ಮ ಮನೆ, ನಿಮ್ಮ ಕಣ್ಣು, ಹಾಗಾಗಿ ಅಂಕಿ ಆಚೀಚೆ ಆಗಬಹುದು. ಒಂದಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಮಾತ್ರ ಉಳಿಯಲಿ. ಕೆಲಸ ಮಾಡುವಾಗ ಎಲ್ಲದರ ಮೇಲೆ ಒಂದು ಲೇಯರ್ ಇಟ್ಟು, ಕಪ್ಪು ತುಂಬಿ, ಅದರ ಬ್ಲೆಂಡ್ ಮೋಡನ್ನು (ಕೆಳಗಿನ ಲೇಯರ್ ಜೊತೆ ಬೆರೆಯುವ ರೀತಿಯನ್ನು) ಕಲರ್ ಮಾಡಿಕೊಳ್ಳಿ. ಲೇಯರ್ ಪಕ್ಕದ ಕಣ್ಣಿನ ಗುರುತು ಒತ್ತಿದರೆ ಕಪ್ಪುಬಿಳುಪು, ತೆಗೆದರೆ ಬಣ್ಣ. ಹತ್ತು ನಿಮಿಷಕ್ಕೊಮ್ಮೆ ನೋಡಿ.

ಬಲ್ಬಿನ ಸುತ್ತ ಮೆತ್ತನೆ ಬ್ರಷ್ಷಿನಲ್ಲಿ ದೊಡ್ಡ ಹಳದಿ ಹೊಗೆ ಎಬ್ಬಿಸಿದ್ದೀರಿ. ಕೆಳಗಿನ ಬಣ್ಣವನ್ನು ಉರಿಯುವ ಹಾಗೆ ಮಾಡುವ ಕಲರ್ ಡಾಡ್ಜ್ ಮೋಡ್ ಕೈಗೆ ಸಿಕ್ಕರೆ ಎಲ್ಲರೂ ಮಾಡುವುದೇ ಅದು. ಬೆಳಕು ಇದೆ ಅಂತ ತೋರಿಸುವುದು ಹೊಗೆಯಲ್ಲ, ಬೆಳಕು ಬಿದ್ದ ವಸ್ತು. ಬಲ್ಬಿನಿಂದ ಒಂದು ಮೀಟರ್ ದೂರದಲ್ಲಿರುವುದಕ್ಕಿಂತ ಎರಡು ಮೀಟರ್ ದೂರದಲ್ಲಿರುವುದಕ್ಕೆ ಕಾಲು ಭಾಗ ಬೆಳಕು, ಮೂರು ಮೀಟರಿಗೆ ಒಂಬತ್ತರಲ್ಲಿ ಒಂದು ಭಾಗ. ಅಷ್ಟು ಬೇಗ ಇಳಿಯುತ್ತದೆ. ಜಗಲಿಯ ಕಂಬದ ಬಲ್ಬಿನ ಕಡೆಯ ಮೈ ಮಾತ್ರ ಬೆಳಗಲಿ, ನಮ್ಮ ಕಡೆಯದು ಕಪ್ಪಿರಲಿ. ಕಂಬದ ನೆರಳು ಕಣದ ಮೇಲೆ ಬಲ್ಬಿನಿಂದ ದೂರಕ್ಕೆ, ಹೋದಂತೆ ಅಗಲವಾಗುತ್ತಾ ಬೀಳಲಿ. ಹಂಚುಗಳಲ್ಲಿ ಸೂರಿನ ಅಂಚಿನ ಐದಾರು ಮಾತ್ರ ಇರಲಿ. ಉಳಿದವನ್ನು ಒಂದೇ ಕಪ್ಪಿಗೆ ಸೇರಿಸಿ. ಕಷ್ಟಪಟ್ಟು ಬಿಡಿಸಿದ್ದನ್ನು ಮುಚ್ಚುವಾಗ ಕೈ ನಡುಗುತ್ತದೆ, ನನಗೂ ನಡುಗಿತ್ತು. ಹಳೆಯ ಫೈಲನ್ನು ಬೇರೆ ಹೆಸರಲ್ಲಿ ಉಳಿಸಿ, ಆಮೇಲೆ ಮುಚ್ಚಿ.

ಒಬ್ಬ ರಷ್ಯನ್ ಚಿತ್ರಕಾರ, ಅರ್ಖಿಪ್ ಕುಯಿಂಜಿ, 1880ರಲ್ಲಿ ದ್ನೀಪರ್ ನದಿಯ ಮೇಲಿನ ಬೆಳದಿಂಗಳ ಚಿತ್ರವನ್ನು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪ್ರದರ್ಶನಕ್ಕೆ ಇಟ್ಟರು. ಕೋಣೆಯನ್ನು ಕತ್ತಲು ಮಾಡಿ, ಆ ಒಂದೇ ಚಿತ್ರ ಇಟ್ಟು, ಅದರ ಮೇಲೆ ಒಂದು ದೀಪ ಬಿಟ್ಟರು. ಚಿತ್ರದ ಹಿಂದೆ ದೀಪ ಅಡಗಿಸಿದ್ದಾರಾ ಅಂತ ಜನ ಇಣುಕಿ ನೋಡಿದರಂತೆ. ಆ ಚಿತ್ರದ ಬಹುಭಾಗ ಕತ್ತಲೆಯೇ. ಹೊಳೆಯುವುದು ಚಂದ್ರ ಮತ್ತು ನದಿಯ ಒಂದು ತುಂಡು ಮಾತ್ರ. ನೋಡುವವರ ಸುತ್ತಲಿನ ಬೆಳಕೂ ತನ್ನ ಚಿತ್ರದ ಭಾಗ ಅಂತ ಅವರಿಗೆ ಗೊತ್ತಿತ್ತು. ನಮ್ಮ ಚಿತ್ರವನ್ನು ಬಸ್‌ಸ್ಟ್ಯಾಂಡಿನ ಬಿಸಿಲಲ್ಲಿ ನಿಂತು ನೋಡುತ್ತಾರೆ. ಹಾಗಾಗಿ ಅಭಿಪ್ರಾಯ ಕೇಳುವಾಗ ‘ರಾತ್ರಿ, ಒಳಗೆ ಕೂತು, ಬ್ರೈಟ್‌ನೆಸ್ ಪೂರ್ತಿ ಇಟ್ಟು ನೋಡಿ’ ಅಂತ ಒಂದು ಸಾಲು ಸೇರಿಸಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಫೈಲು ಕುಗ್ಗಿ ಕತ್ತಲಿನ ಭಾಗವೆಲ್ಲ ಚೌಕಚೌಕವಾಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ನಿಮ್ಮ ಆಕಾಶದಲ್ಲಿ ಕಾಣುವ ಪಟ್ಟೆಗಳಿಗೆ ಕಾರಣ ಬಣ್ಣದ ಮೆಟ್ಟಿಲುಗಳು ಕಡಿಮೆ ಇರುವ 8 ಬಿಟ್ ಫೈಲು. ಮುಂದಿನ ಸಲ 16 ಬಿಟ್ಟಿನಲ್ಲಿ ಶುರುಮಾಡಿ. ಈಗಿನದಕ್ಕೆ ಕೊನೆಯಲ್ಲಿ ತುಂಬಾ ತೆಳುವಾಗಿ ನಾಯ್ಸ್, ಅಂದರೆ ಸಣ್ಣ ಚುಕ್ಕೆಗಳ ಮರಳು, ಹಾಕಿ.

ಈಗ ನಿಮ್ಮ ಎರಡನೆಯ ಪ್ರಶ್ನೆ. ‘ಹೇಗಿದೆ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅಂತಲೇ ಉತ್ತರ ಬರುತ್ತದೆ. ಊಟ ಬಡಿಸಿ ಹೇಗಿದೆ ಅಂತ ಕೇಳಿದ ಹಾಗೆ ಅದು. ಬದಲಿಗೆ ಚಿತ್ರವನ್ನು ಐದು ಸೆಕೆಂಡು ತೋರಿಸಿ, ಮುಚ್ಚಿ, ‘ಏನು ಕಂಡಿತು?’ ಅಂತ ಕೇಳಿ. ಮೊದಲು ಏನು ಹೇಳುತ್ತಾರೋ ಅದೇ ನಿಮ್ಮ ಚಿತ್ರದ ಯಜಮಾನ. ನನಗೆ ಮೊದಲು ಕಂಡದ್ದು ಚಂದ್ರ, ಆಮೇಲೆ ಹೂವು. ಅಜ್ಜಿ ಕಂಡದ್ದು ಮೂರನೆಯ ಸಲ. ಆಮೇಲೆ ‘ಗಂಟೆ ಎಷ್ಟಿರಬಹುದು?’ ಅಂತ ಕೇಳಿ. ‘ಬೆಳಕು ಎಲ್ಲಿಂದ ಬರುತ್ತಿದೆ, ಬೆರಳಿಟ್ಟು ತೋರಿಸಿ’ ಅಂತ ಕೇಳಿ. ಚಿತ್ರದ ಬಗ್ಗೆ ಮೊದಲೇ ಏನೂ ವಿವರಿಸಬೇಡಿ. ‘ಇದು ನಮ್ಮ ಅಜ್ಜಿ’ ಅಂದ ತಕ್ಷಣ ಅವರು ಚಿತ್ರ ನೋಡುವುದು ಬಿಟ್ಟು ನಿಮ್ಮ ಅಜ್ಜಿಯನ್ನು ನೋಡಲು ಶುರುಮಾಡುತ್ತಾರೆ.

ಅವರು ಉತ್ತರ ಹೇಳುವಾಗ ಸಮರ್ಥಿಸಿಕೊಳ್ಳಬೇಡಿ. ಸುಮ್ನೆ ಬರೆದುಕೊಳ್ಳಿ. ಎಲ್ಲಿ ತೊಡಕಿದೆ ಅಂತ ತೋರಿಸುವುದರಲ್ಲಿ ಜನ ತಪ್ಪುವುದು ಕಡಿಮೆ. ಅದಕ್ಕೆ ಅವರು ಹೇಳುವ ಮದ್ದು ಹೆಚ್ಚಾಗಿ ಕೆಲಸ ಮಾಡುವುದಿಲ್ಲ. ನಿಮ್ಮ ‘ಕತ್ತಲು’ ಅಂದವರ ಮಾತು ಕೇಳಿ ಇಡೀ ಚಿತ್ರದ ಬ್ರೈಟ್‌ನೆಸ್ ಏರಿಸಿದ್ದರೆ ಅದು ಇನ್ನೂ ಹಗಲಾಗುತ್ತಿತ್ತು. ಒಬ್ಬರು ಎಡವಿದ ಜಾಗವನ್ನು ಗುರುತು ಹಾಕಿಕೊಳ್ಳಿ. ಮೂರು ಜನ ಅದೇ ಜಾಗದಲ್ಲಿ ಎಡವಿದರೆ ಅಲ್ಲಿ ಕಲ್ಲಿದೆ.

ಯಾರಿಗೆ ತೋರಿಸುವುದು ಅನ್ನುವುದೂ ಮುಖ್ಯ. ಚಿತ್ರ ಬಿಡಿಸುವ ಒಬ್ಬರಿಗೆ ತೋರಿಸಿ, ಅವರು ತಿಳಿ-ಗಾಢದ ಲೆಕ್ಕ ಹಿಡಿಯುತ್ತಾರೆ. ಆದರೆ ರಾತ್ರಿಯನ್ನು ಬಲ್ಲವರು ಬೇರೆಯವರು. ಕರೆಂಟ್ ಬಂತು ಅಂತ ಮಧ್ಯರಾತ್ರಿ ಎದ್ದು ಪಂಪ್ ಹಾಕಲು ಹೋಗುವವರು. ಮೂಡಿಗೆರೆ, ಆಲೂರು, ಸಕಲೇಶಪುರದ ಕಡೆ ಆನೆ ಬಂದಿದೆಯಾ ಅಂತ ಟಾರ್ಚ್ ಹಿಡಿದು ತೋಟದ ಅಂಚಿಗೆ ಹೋಗುವವರು. ಕತ್ತಲಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅನ್ನುವುದರ ಮೇಲೆ ಅವರ ಜೀವ ನಿಂತಿದೆ. ಅವರು ‘ಇಲ್ಲಿ ಇಷ್ಟು ಕಾಣಲ್ಲ’ ಅಂದರೆ ಆ ಮಾತಿಗೆ ತೂಕ ಜಾಸ್ತಿ. ನಿಮ್ಮ ಅಜ್ಜಿಗೂ ತೋರಿಸಿ. ಆ ಕಣವನ್ನು ಕತ್ತಲಲ್ಲಿ ಎಷ್ಟು ಸಲ ದಾಟಿದ್ದಾರೋ.

ಇನ್ನೊಂದು ಮಾತು. ನಲವತ್ತು ಗಂಟೆ ಕೆಲಸ ಮಾಡಿ ಮುಗಿಸಿದ ಮೇಲೆ ಅಭಿಪ್ರಾಯ ಕೇಳಿದರೆ ಅದನ್ನು ಒಪ್ಪುವುದು ಯಾರಿಗೂ ಕಷ್ಟ. ಮೊದಲೇ ಕೇಳಿ. ಕೈಯಗಲದ ಮೂರು ಪುಟ್ಟ ಕರಡು ಮಾಡಿ, ಒಂದೊಂದಕ್ಕೆ ಇಪ್ಪತ್ತು ನಿಮಿಷ, ಬರೀ ನಾಲ್ಕು ಬೂದಿಯಲ್ಲಿ. ‘ಯಾವುದು ರಾತ್ರಿ?’ ಅಂತ ಕೇಳಿ. ಒಂದನ್ನು ಆರಿಸುವುದು ಎಲ್ಲರಿಗೂ ಬರುತ್ತದೆ. ಯಾಕೆ ಅಂತ ಕೇಳಿದರೆ ಕಾರಣವನ್ನೂ ತಾವಾಗಿಯೇ ಹೇಳುತ್ತಾರೆ.

ಅದಕ್ಕೂ ಮೊದಲು ಒಂದು ರಾತ್ರಿ ಆ ಕಣದಲ್ಲಿ ನಿಲ್ಲಿ. ಫೋನ್ ಒಳಗೆ ಇಟ್ಟು ಹೋಗಿ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಂದು ಸಲ ಫೋನ್ ನೋಡಿದರೆ ಮತ್ತೆ ಮೊದಲಿನಿಂದ. ಲಂಡನ್ನಿನ ಥೇಮ್ಸ್ ನದಿಯ ರಾತ್ರಿಗಳನ್ನು ಬಿಡಿಸಿದ ವಿಸ್ಲರ್ ಅನ್ನುವ ಚಿತ್ರಕಾರ ಒಂದು ಅಭ್ಯಾಸ ಇಟ್ಟುಕೊಂಡಿದ್ದರು. ದೃಶ್ಯವನ್ನು ಚೆನ್ನಾಗಿ ನೋಡಿ, ಬೆನ್ನು ತಿರುಗಿಸಿ, ಕಂಡದ್ದನ್ನು ಜೊತೆಗಿದ್ದವರಿಗೆ ಬಾಯಿಪಾಠದ ಹಾಗೆ ಒಪ್ಪಿಸುವುದು. ತಪ್ಪಿದರೆ ತಿರುಗಿ ಮತ್ತೆ ನೋಡುವುದು. ನೀವೂ ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿಕೊಂಡು ಹಾಗೆ ಮಾಡಿ. ಬಾಯಲ್ಲಿ ಹೇಳಲು ನೆನಪಾಗದ ಹಂಚು, ಎಲೆ ಚಿತ್ರಕ್ಕೂ ಬೇಡ.

ಆಮೇಲೆ ಆ ಮೂರು ಕರಡನ್ನು ನನಗೂ ಕಳಿಸಿ. ಪ್ರತಿಯೊಂದರ ಕೆಳಗೂ ಗಂಟೆ ಎಷ್ಟು, ಚಂದ್ರ ಯಾವ ದಿಕ್ಕಿನಲ್ಲಿದ್ದಾನೆ ಅಂತ ಬರೆಯಿರಿ. ಅಜ್ಜಿ ಯಾಕೆ ಹೊರಗೆ ಬಂದಿದ್ದಾರೆ ಅಂತಲೂ ಒಂದು ಸಾಲು.